ಕಸದಿಂದ ಕರೆಂಟ್ ಮಾಡುವ ಕಂಪನಿ: ಇನ್ನಷ್ಟು ಷೇರು ಕೊಳ್ಳಲೇ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಸ್ಟೇಷನರಿ ಅಂಗಡಿ ಇಟ್ಟಿದ್ದೇನೆ. ಕಳೆದ ವರ್ಷ ಸ್ನೇಹಿತರೊಬ್ಬರ ಮಾತು ಕೇಳಿ, ಸೋಲಾರ್ ಜೊತೆಗೆ ನಗರದ ಕಸದಿಂದಲೂ ವಿದ್ಯುತ್ ಮಾಡುವ ಒಂದು ಕಂಪನಿಯ 1,500 ಷೇರುಗಳನ್ನು 62 ರೂಪಾಯಿಯಂತೆ ಕೊಂಡೆ. ಈಗ ಬೆಲೆ 41. ಇದೇ ಷೇರು ಇರುವ ಸಣ್ಣ ಹೂಡಿಕೆದಾರರ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. 'ಕಸ ಎಂದೂ ಮುಗಿಯುವುದಿಲ್ಲ, ಕರೆಂಟಿನ ಬೇಡಿಕೆ ಎಂದೂ ಇಳಿಯುವುದಿಲ್ಲ, ಸರ್ಕಾರವೇ ಕೊಳ್ಳುತ್ತದೆ, ಈ ಷೇರು ಏರಲೇಬೇಕು' ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಮೊನ್ನೆ ಕಂಪನಿಗೆ ದೊಡ್ಡ ಆರ್ಡರ್ ಬಂದ ಸುದ್ದಿಯೂ ಇದೆ. ಇನ್ನೊಂದು ಲಕ್ಷ ಹಾಕಿ, ಈ ಕಡಿಮೆ ಬೆಲೆಗೆ ಇನ್ನಷ್ಟು ಕೊಂಡು ಆವರೇಜ್ ಮಾಡಲೇ, ಅಂದರೆ ಸರಾಸರಿ ಬೆಲೆ ಇಳಿಸಲೇ? ಆ ಹಣ ಮಗಳ ಎಂಜಿನಿಯರಿಂಗ್ ಫೀಸಿಗೆ ಇಟ್ಟಿದ್ದು. ಅವಳ ಪಿಯುಸಿ ಮುಗಿಯಲು ಎರಡು ವರ್ಷ ಇದೆ.

ಉತ್ತರ: ಮೊದಲು ನಿಮ್ಮ ಕೊನೆಯ ಸಾಲಿಗೆ ಉತ್ತರ ಹೇಳಿಬಿಡುತ್ತೇನೆ. ಆ ಒಂದು ಲಕ್ಷ ಹಾಕಬೇಡಿ. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಆಮೇಲಿನ ಮಾತು. ಎರಡು ವರ್ಷದಲ್ಲಿ ಕಟ್ಟಲೇಬೇಕಾದ ಫೀಸಿನ ಹಣ ಯಾವ ಕಂಪನಿಯ ಷೇರಿನಲ್ಲೂ ಇರಬಾರದು. ಫೀಸು ಕಟ್ಟುವ ವಾರ ಪೇಟೆ ಬಿದ್ದಿದ್ದರೆ ಕಾಲೇಜಿನವರು ಕಾಯುವುದಿಲ್ಲ. ಅದನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಠೇವಣಿ ಇಡಿ. ಬಡ್ಡಿ ಕಡಿಮೆ ಅನ್ನಿಸಿದರೂ ಅಲ್ಲಿಯೇ ಇರಲಿ.

ಇನ್ನು ನಿಮ್ಮ ಹತ್ತಿರ ಈಗಾಗಲೇ ಇರುವ 1,500 ಷೇರಿನ ಮಾತು. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ವಿದ್ಯುತ್ ಯೋಜನೆಗಳಿಗೆ ಬ್ಯಾಂಕ್ ಸಾಲ ಕೊಡುವ ಮೊದಲು ಅವುಗಳ ಲೆಕ್ಕ ನೋಡುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದವನು. ಕಸದಿಂದ ಕರೆಂಟ್ ಅನ್ನುವ ಮಾತು ಕೇಳಿದಾಗ ಎಲ್ಲರಿಗೂ ಆಗುವ ಖುಷಿ ನನಗೂ ಆಗುತ್ತಿತ್ತು. ಊರಿನ ಕೊಳೆ ಹೋಗಬೇಕು, ದೀಪವೂ ಉರಿಯಬೇಕು, ಯಾರಿಗೆ ಬೇಡ? ಆದರೆ ಆ ಖುಷಿ ಮತ್ತು ಕಂಪನಿಯ ಕೈಗೆ ಬರುವ ದುಡ್ಡು, ಇವೆರಡರ ನಡುವೆ ದೊಡ್ಡ ದಾರಿ ಇದೆ. ಆ ದಾರಿಯಲ್ಲಿ ಏನೇನು ಇದೆ ಅನ್ನುವುದನ್ನು ನೀವು ತಿಳಿದುಕೊಳ್ಳಬೇಕು.

ಕಸ ಮುಗಿಯುವುದಿಲ್ಲ ಅನ್ನುವುದು ನಿಜ. ಆದರೆ ಉರಿಯುವ ಕಸ ಎಷ್ಟಿದೆ? ನಿಮ್ಮ ಮನೆಯ ಬುಟ್ಟಿಯನ್ನೇ ನೋಡಿ. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಉಳಿದ ಅನ್ನ, ಸೋಸಿದ ಟೀ ಪುಡಿ. ಒಣಗಿದ್ದು ಅಂದರೆ ಒಂದೆರಡು ಹಾಲಿನ ಕವರ್, ಒಂದು ರಟ್ಟಿನ ಡಬ್ಬಿ. ಆ ರಟ್ಟನ್ನೂ ಗುಜರಿಯವರು ಮೊದಲೇ ಒಯ್ದಿರುತ್ತಾರೆ. ಉಳಿದ ಕಸದ ಮೇಲೆ ನಿಮ್ಮ ಊರಿನ ಜುಲೈ ತಿಂಗಳ ಮಳೆ ಬೀಳುತ್ತದೆ. ಹಸಿ ಸೌದೆ ಒಲೆಗೆ ಇಟ್ಟರೆ ಏನಾಗುತ್ತದೆ ಅಂತ ನಮ್ಮ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಗೆ ಬರುತ್ತದೆ, ಅನ್ನ ಬೇಯುವುದಿಲ್ಲ.

ಇದನ್ನೇ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಕೆಜಿ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 600 ಕಿಲೋ ಕ್ಯಾಲೊರಿ ಶಾಖ ಬೇಕು. ಕಸದಲ್ಲಿ ಅರ್ಧ ನೀರೇ ಇದ್ದರೆ, ಪ್ರತಿ ಕೆಜಿಗೆ 300 ಕಿಲೋ ಕ್ಯಾಲೊರಿ ಅದನ್ನು ಒಣಗಿಸುವುದಕ್ಕೇ ಹೋಯಿತು. ಉಳಿದ ಅರ್ಧದಲ್ಲಿ ಮಣ್ಣು, ಕಲ್ಲು, ಕಟ್ಟಡದ ಪುಡಿ ಬೇರೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ 1,500 ಕಿಲೋ ಕ್ಯಾಲೊರಿ ಅನ್ನುವ ಅಂಕಿ ಇತ್ತು. ಕೆಜಿಗೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಶಾಖ ಕೊಡುವ ಕಸವನ್ನು ಗುಂಡಿಗೆ ಹಾಕದೆ ಇಂಧನಕ್ಕೆ ಬಳಸಬೇಕು ಅಂತ. ವಿಂಗಡಿಸದೆ ಒಟ್ಟಿಗೆ ಲಾರಿಗೆ ತುಂಬಿದ ನಮ್ಮ ಊರುಗಳ ಕಸ ಆ ಮಟ್ಟಕ್ಕೆ ಏರುವುದು ಕಷ್ಟ.

ಇದು ಇವತ್ತಿನ ಸಮಸ್ಯೆಯೂ ಅಲ್ಲ. 1987ರಲ್ಲೇ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕ್ ತಂತ್ರಜ್ಞಾನದ ಘಟಕ ಕಟ್ಟಿದರು. ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ಮಾಡುವ ಯೋಜನೆ. ಪರೀಕ್ಷೆಗೆ ಓಡಿಸಿದ ಸ್ವಲ್ಪ ದಿನಕ್ಕೇ ನಿಂತಿತು. ಯಂತ್ರ ಕೆಟ್ಟಿರಲಿಲ್ಲ. ಒಳಗೆ ಹಾಕಿದ ಕಸದಲ್ಲಿ ಬೇಕಾದಷ್ಟು ಶಾಖವೇ ಇರಲಿಲ್ಲ. ಯಂತ್ರ ಮಾಡಿದವರು ಅವರ ದೇಶದ ಒಣ ಕಸ ನೋಡಿದ್ದರು. ದೆಹಲಿಯ ಅಡುಗೆಮನೆ ನೋಡಿರಲಿಲ್ಲ.

ಹಾಗಂತ ಈ ದೇಶದಲ್ಲಿ ಇದು ಆಗುವುದೇ ಇಲ್ಲ ಅನ್ನುವಂತಿಲ್ಲ. ದೆಹಲಿಯ ಓಖ್ಲಾದಲ್ಲಿ 2012ರಿಂದ ಒಂದು ಘಟಕ ಓಡುತ್ತಿದೆ, ಪಕ್ಕದ ಬಡಾವಣೆಯ ಜನ ಹೊಗೆ ಬಗ್ಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದರೂ. ಹೈದರಾಬಾದಿನ ಜವಾಹರ್‌ನಗರದಲ್ಲಿ ದೊಡ್ಡ ಘಟಕ ಇದೆ. ನಮ್ಮ ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮವೂ ಬಿಬಿಎಂಪಿಯೂ ಸೇರಿ 11.5 ಮೆಗಾವಾಟ್ ಘಟಕ ಕಟ್ಟಿದವು. ಅದಕ್ಕೆ ದಿನಕ್ಕೆ 600 ಟನ್ ಒಣ ಕಸ ಬೇಕು, ಅದೂ ವಿಂಗಡಿಸಿದ್ದು. 2020ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆ ಆದಾಗ ಅಂದಾಜು ವೆಚ್ಚ 260 ಕೋಟಿ ರೂಪಾಯಿ. ಎರಡು ವರ್ಷದಲ್ಲಿ ಮುಗಿಯುತ್ತದೆ ಅಂದಿದ್ದರು, ಅದಕ್ಕಿಂತ ಎಷ್ಟೋ ತಡವಾಯಿತು. ಇದು ಸರ್ಕಾರಿ ಸಂಸ್ಥೆಗಳ ಹಣ, ತಡೆದುಕೊಂಡಿತು. ಶೇಕಡಾ 11ರ ಬಡ್ಡಿಗೆ ಸಾಲ ತಂದ ಖಾಸಗಿ ಕಂಪನಿಗೆ ಎರಡು ವರ್ಷದ ವಿಳಂಬ ಅಂದರೆ ಎರಡು ವರ್ಷ ಆದಾಯವೇ ಇಲ್ಲದೆ ಬೆಳೆಯುವ ಬಡ್ಡಿ.

ಆ 260 ಕೋಟಿಯನ್ನು 11.5ರಿಂದ ಭಾಗಿಸಿ. ಒಂದು ಮೆಗಾವಾಟಿಗೆ 22 ಕೋಟಿಗೂ ಜಾಸ್ತಿ. ಸೋಲಾರ್ ಆದರೆ ಒಂದು ಮೆಗಾವಾಟನ್ನು ನಾಲ್ಕೈದು ಕೋಟಿಯಲ್ಲಿ ಕಟ್ಟಬಹುದು. ಕಸದ ಘಟಕ ರಾತ್ರಿಯೂ ಓಡುತ್ತದೆ ಅನ್ನುವ ವ್ಯತ್ಯಾಸ ಇದೆ, ಅದನ್ನು ಒಪ್ಪುತ್ತೇನೆ. ಆದರೂ ನೆನಪಿಡಿ, ನಿಮ್ಮ ಕಂಪನಿ 'ಸೋಲಾರ್ ಮತ್ತು ಕಸ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರೂ ಅವು ಎರಡು ಬೇರೆ ವ್ಯಾಪಾರ. ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ, ಅದನ್ನು ಲಾರಿಯಲ್ಲಿ ತರಬೇಕಿಲ್ಲ, ಉಳಿದ ಬೂದಿಯನ್ನು ಎಲ್ಲಿ ಹಾಕುವುದು ಅನ್ನುವ ಚಿಂತೆಯಿಲ್ಲ.

ಒಂದು ಉದಾಹರಣೆಗೆ 10 ಮೆಗಾವಾಟ್ ಕಸದ ಘಟಕ ತೆಗೆದುಕೊಳ್ಳೋಣ. ಇದು ನಾನೇ ಹಾಕಿದ ಲೆಕ್ಕ, ಯಾವ ಕಂಪನಿಯದ್ದೂ ಅಲ್ಲ. ಕಟ್ಟಲು 220 ಕೋಟಿ. ಅದರಲ್ಲಿ 154 ಕೋಟಿ ಸಾಲ, ಶೇಕಡಾ 10 ಬಡ್ಡಿ. ಬಡ್ಡಿಯೇ ವರ್ಷಕ್ಕೆ 15 ಕೋಟಿ ದಾಟುತ್ತದೆ. ಘಟಕ ತನ್ನ ಶಕ್ತಿಯ ಮುಕ್ಕಾಲು ಭಾಗ ಓಡಿದರೆ ದಿನಕ್ಕೆ 1.8 ಲಕ್ಷ ಯೂನಿಟ್. ಫ್ಯಾನು, ಪಂಪು, ಕ್ರೇನು ಅಂತ ಘಟಕವೇ ಶೇಕಡಾ 15ರಷ್ಟು ತಿನ್ನುತ್ತದೆ. ಮಾರಲು ಉಳಿದದ್ದು 1.53 ಲಕ್ಷ ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಸಿಕ್ಕರೆ ವರ್ಷಕ್ಕೆ 39 ಕೋಟಿ. ಇದರಲ್ಲಿ ಬಡ್ಡಿ ಕಳೆಯಿರಿ, ಅಸಲಿನ ಕಂತು ಕಳೆಯಿರಿ. ಕೆಲಸಗಾರರ ಸಂಬಳ, ಹೊಗೆ ಶುದ್ಧ ಮಾಡಲು ಸುಣ್ಣ ಮತ್ತು ಇದ್ದಿಲು, ಬೂದಿ ಸಾಗಿಸುವ ಖರ್ಚು, ಬಾಯ್ಲರ್ ಕೊಳವೆಗಳ ರಿಪೇರಿ ಕಳೆಯಿರಿ. ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಈಗ ಒದ್ದೆ ಕಸದಿಂದ ಘಟಕ ವರ್ಷಪೂರ್ತಿ ಅರ್ಧ ಶಕ್ತಿಯಲ್ಲಿ ಮಾತ್ರ ಓಡಿತು ಅಂದುಕೊಳ್ಳಿ. 39 ಕೋಟಿ 26ಕ್ಕೆ ಇಳಿಯುತ್ತದೆ. ಖರ್ಚು ಹಾಗೆಯೇ ಇರುತ್ತದೆ. ಲಾಭ ಪೂರ್ತಿ ಹೋಯಿತು, ಅಲ್ವಾ? ನಿಮ್ಮ 62 ರೂಪಾಯಿ ನಿಂತಿರುವುದು ಆ ಕಸದ ತೇವದ ಮೇಲೆ.

7 ರೂಪಾಯಿ ಅಂದದ್ದು ಸುಮ್ನೆ ಅಲ್ಲ. 2015ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಕಸದ ವಿದ್ಯುತ್ತಿಗೆ ಹಾಕಿದ ದರ 7 ರೂಪಾಯಿಯ ಸ್ವಲ್ಪ ಮೇಲೇ ಇತ್ತು. ಕಸದ ವಿದ್ಯುತ್ತನ್ನು ವಿತರಣಾ ಕಂಪನಿಗಳು ಪೂರ್ತಿ ಕೊಳ್ಳಬೇಕು ಎಂದು 2016ರ ಜನವರಿಯಲ್ಲಿ ತಿದ್ದಿದ ವಿದ್ಯುತ್ ದರ ನೀತಿ ಹೇಳಿತು. ನಿಮ್ಮ ಗುಂಪಿನವರು ಹೇಳುವ 'ಸರ್ಕಾರವೇ ಕೊಳ್ಳುತ್ತದೆ' ಅನ್ನುವ ಮಾತಿಗೆ ಆಧಾರ ಇದು. ಆದರೆ ಅದೇ ಹೊತ್ತಿಗೆ ಸೋಲಾರ್ ದರ ಎಲ್ಲಿಗೆ ಇಳಿಯಿತು ನೋಡಿ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44 ರೂಪಾಯಿ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99. ಎರಡೂವರೆ ರೂಪಾಯಿಗೆ ಸಿಗುವ ವಿದ್ಯುತ್ತಿನ ಪಕ್ಕದಲ್ಲಿ 7 ರೂಪಾಯಿಯ ವಿದ್ಯುತ್ ಕೊಳ್ಳುವ ಎಸ್ಕಾಂ ಮನಸ್ಸಿನಿಂದ ಕೊಳ್ಳುವುದಿಲ್ಲ. ನಿಯಮ ಇದೆ ಅಂತ ಕೊಳ್ಳುತ್ತದೆ. ಹಾಗೆ ಕೊಂಡವರು ದುಡ್ಡು ಕೊಡುವಾಗಲೂ ನಿಧಾನ ಮಾಡುತ್ತಾರೆ.

ಇಲ್ಲಿಗೆ ನನಗೆ ಅತ್ಯಂತ ಮುಖ್ಯ ಅನ್ನಿಸುವ ಜಾಗಕ್ಕೆ ಬಂದೆವು. ಕಸದ ಕಂಪನಿಗೆ ದುಡ್ಡು ಕೊಡುವವರು ಸಾಮಾನ್ಯವಾಗಿ ಇಬ್ಬರು. ಕಸ ತೆಗೆದುಕೊಂಡದ್ದಕ್ಕೆ ಟನ್ನಿಗೆ ಇಷ್ಟು ಅಂತ ನಗರಪಾಲಿಕೆ ಕೊಡಬೇಕು, ಅದನ್ನು ಟಿಪ್ಪಿಂಗ್ ಶುಲ್ಕ ಅನ್ನುತ್ತಾರೆ. ವಿದ್ಯುತ್ತಿಗೆ ವಿತರಣಾ ಕಂಪನಿ ಕೊಡಬೇಕು. ನೀವು ಅಂಗಡಿಯವರು. ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಜೂನ್ ತಿಂಗಳಲ್ಲಿ ಒಂದು ಶಾಲೆಗೆ 80,000 ರೂಪಾಯಿಯ ನೋಟ್‌ಬುಕ್ ಸಾಲಕ್ಕೆ ಕೊಟ್ಟಿರಿ. ಪುಸ್ತಕದಲ್ಲಿ ಅದು ಮಾರಾಟ. ಅದರ ಮೇಲೆ ಲಾಭವನ್ನೂ ಬರೆದುಕೊಂಡಿರಿ. ಆದರೆ ಶಾಲೆಯವರು ಮಾರ್ಚ್ ತನಕ ದುಡ್ಡು ಕೊಡಲಿಲ್ಲ. ಈ ನಡುವೆ ನೋಟ್‌ಬುಕ್ ಕೊಟ್ಟ ಸಗಟು ವ್ಯಾಪಾರಿ ಬಾಗಿಲಲ್ಲಿ ನಿಂತಿದ್ದಾನೆ. ನೀವು ಕೈಸಾಲ ಮಾಡಿ ಅವನಿಗೆ ಕೊಟ್ಟಿರಿ. ಪುಸ್ತಕದಲ್ಲಿ ಲಾಭ, ಗಲ್ಲಾಪೆಟ್ಟಿಗೆಯಲ್ಲಿ ಸಾಲ. ಕಸದ ಕಂಪನಿಯ ಬದುಕೂ ಹೀಗೇ, ಕೋಟಿಗಳ ಲೆಕ್ಕದಲ್ಲಿ.

ಅದಕ್ಕೇ ಹೇಳುತ್ತೇನೆ, ಲಾಭದ ಅಂಕಿಯನ್ನು ಬದಿಗಿಡಿ. ವಾರ್ಷಿಕ ವರದಿಯಲ್ಲಿ ನಗದು ಹರಿವಿನ ಪಟ್ಟಿ ಅಂತ ಒಂದು ಇರುತ್ತದೆ. ಅದರ ಮೊದಲ ಭಾಗದ ಕೊನೆಯ ಸಾಲು, ವ್ಯಾಪಾರದಿಂದ ಬಂದ ನಗದು ಎಷ್ಟು ಅನ್ನುವುದು. ಐದು ವರ್ಷದ ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಐದು ವರ್ಷದ ನಿವ್ವಳ ಲಾಭ ಬರೆಯಿರಿ. ಎರಡನ್ನೂ ಬೇರೆ ಬೇರೆಯಾಗಿ ಕೂಡಿಸಿ. ಲಾಭ ನೂರು ಕೋಟಿ, ನಗದು ಇಪ್ಪತ್ತು ಕೋಟಿ ಅಂತ ಬಂದರೆ ಆ ಎಂಬತ್ತು ಕೋಟಿ ಎಲ್ಲಿದೆ ಅಂತ ಕೇಳಬೇಕು. ಉತ್ತರ ಬಹಳ ಸಲ ಬಾಕಿಯ ಟಿಪ್ಪಣಿಯಲ್ಲಿ ಸಿಗುತ್ತದೆ. 2021-22ರಿಂದ ಕಂಪನಿಗಳು ತಮಗೆ ಬರಬೇಕಾದ ಬಾಕಿ ಎಷ್ಟು ಹಳೆಯದು ಎಂದು ಪಟ್ಟಿ ಹಾಕಿ ತೋರಿಸಲೇಬೇಕು. ಆರು ತಿಂಗಳ ಒಳಗಿನದು, ಒಂದು ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷಕ್ಕೂ ಹಳೆಯದು ಅಂತ. ಸಣ್ಣ ಹೂಡಿಕೆದಾರರಿಗೆ ಸಿಕ್ಕ ದೊಡ್ಡ ಉಪಕಾರ ಅದು. ಮೂರು ವರ್ಷಕ್ಕೂ ಹಳೆಯ ಬಾಕಿ ವರ್ಷ ವರ್ಷ ಬೆಳೆಯುತ್ತಾ ಹೋಗುತ್ತಿದ್ದರೆ, ಆ ಹಣ ಬರುತ್ತದೆ ಅಂತ ನಂಬಿ ಕೂರಬೇಡಿ.

ಒಪ್ಪಂದ ಕೈಯಲ್ಲಿದ್ದರೂ ದುಡ್ಡು ನಿಲ್ಲಬಹುದು. ಪಕ್ಕದ ಆಂಧ್ರದಲ್ಲೇ ಆಯಿತು. 2019ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಹಳೆಯ ಗಾಳಿ ಮತ್ತು ಸೋಲಾರ್ ಒಪ್ಪಂದಗಳ ದರ ಜಾಸ್ತಿಯಾಯಿತು, ಇಳಿಸಿ ಎಂದಿತು. ಕಂಪನಿಗಳು ಕೋರ್ಟಿಗೆ ಹೋದವು. ಒಪ್ಪಂದದ ದರವನ್ನೇ ಕೊಡಬೇಕು ಎಂದು ಹೈಕೋರ್ಟಿನ ವಿಭಾಗೀಯ ಪೀಠ ಹೇಳಿದ್ದು 2022ರ ಮಾರ್ಚಿನಲ್ಲಿ. ನ್ಯಾಯ ಸಿಕ್ಕಿತು. ಆದರೆ ಆ ಎರಡೂವರೆ ವರ್ಷ ಕಡಿಮೆ ದುಡ್ಡಿನಲ್ಲೇ ಸಾಲದ ಕಂತು ಕಟ್ಟಬೇಕಿತ್ತು. 2022ರಲ್ಲೇ ತಡಪಾವತಿ ದಂಡದ ಹೊಸ ನಿಯಮ ಬಂದ ಮೇಲೆ ವಿತರಣಾ ಕಂಪನಿಗಳ ಹಳೆಯ ಬಾಕಿ ಕರಗಿದೆ, ಅದು ಒಳ್ಳೆಯ ಬದಲಾವಣೆ. ನಗರಪಾಲಿಕೆಗಳ ಬಾಕಿಗೆ ಅಂಥ ಗಟ್ಟಿ ಹಿಡಿತ ಇಲ್ಲ. ಹಾಗಾಗಿ ನಿಮ್ಮ ಕಂಪನಿಯ ಬಾಕಿಯಲ್ಲಿ ಯಾರ ಪಾಲು ಎಷ್ಟು ಅನ್ನುವುದನ್ನು ಬಿಡಿಸಿ ನೋಡಿ.

ಜಾಗದ ತಕರಾರು ಇನ್ನೊಂದು. ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಂಡೂರಿನ ಜನ ರಸ್ತೆಗಿಳಿದು, 2014ರ ಕೊನೆಗೆ ಲಾರಿಗಳು ನಿಂತದ್ದು ನಿಮಗೆ ನೆನಪಿರಬಹುದು. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು. ಮುಂಬೈಯ ಕಾಂಜೂರ್‌ಮಾರ್ಗ್ ಕಸದ ಜಾಗವನ್ನು ಸಂರಕ್ಷಿತ ಅರಣ್ಯ ಎಂದು 2025ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಹೇಳಿತು, ಆಮೇಲೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿ ಕೆಲಸ ಮಾಡುವ ಗುಂಪಿನ ಷೇರು ಪೇಟೆಯಲ್ಲಿದೆ, ಆಂಟನಿ ವೇಸ್ಟ್. ವರ್ಷಗಟ್ಟಲೆ ನಡೆಯುತ್ತಿದ್ದ ಕೆಲಸವೂ ಒಂದು ತೀರ್ಪಿನಿಂದ ಅಲ್ಲಾಡಬಹುದು ಅನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ಇಂಧನದ ಬೆಲೆ. ನನ್ನ ಕೆಲಸದ ದಿನಗಳಲ್ಲಿ ತುಂಗಭದ್ರಾ ಬಯಲಿನ ಕಡೆ ಒಂದು ಬಯೋಮಾಸ್ ಘಟಕ ನೋಡಲು ಹೋಗಿದ್ದೆ. ಅಕ್ಕಿ ಗಿರಣಿಗಳ ಭತ್ತದ ಹೊಟ್ಟು ಸುಟ್ಟು ವಿದ್ಯುತ್ ಮಾಡುತ್ತಿದ್ದರು. ಯೋಜನಾ ವರದಿ ಬರೆದಾಗ ಹೊಟ್ಟು ಗಿರಣಿಯವರಿಗೆ ತಲೆನೋವು, ಒಯ್ದರೆ ಸಾಕು ಅನ್ನುತ್ತಿದ್ದರು. ನಾನು ಎರಡನೇ ಸಲ ಹೋಗುವ ಹೊತ್ತಿಗೆ ಅದೇ ಹೊಟ್ಟಿಗೆ ಇಟ್ಟಿಗೆ ಭಟ್ಟಿಯವರೂ ಬೇರೆ ಬಾಯ್ಲರಿನವರೂ ಸಾಲಿನಲ್ಲಿ ನಿಂತಿದ್ದರು. ಬೆಲೆ ಏರಿತ್ತು. ವಿದ್ಯುತ್ತಿನ ದರ ಮಾತ್ರ ಒಪ್ಪಂದದಲ್ಲಿ ಬರೆದಲ್ಲೇ ಇತ್ತು. ಘಟಕದ ಮ್ಯಾನೇಜರ್ ಒಳ್ಳೆಯ ಮನುಷ್ಯ. 'ಸರ್, ಓಡಿಸಿದರೆ ಜಾಸ್ತಿ ನಷ್ಟ, ನಿಲ್ಲಿಸಿದರೆ ಕಡಿಮೆ ನಷ್ಟ' ಎಂದರು. ಆ ಮಾತು ಇವತ್ತಿಗೂ ನನ್ನ ತಲೆಯಲ್ಲಿದೆ. ಒಣ ಕಸಕ್ಕೂ ಈಗ ಅದೇ ಪೈಪೋಟಿ ಶುರುವಾಗಿದೆ. ಸಿಮೆಂಟ್ ಕಾರ್ಖಾನೆಗಳಿಗೆ ಉರಿಯುವ ಪ್ಲಾಸ್ಟಿಕ್, ಬಟ್ಟೆ, ರಬ್ಬರು ಬೇಕು. ಬೆಂಗಳೂರಿನಿಂದಲೂ ಅವು ಹೋಗುತ್ತವೆ.

ಷೇರುಪೇಟೆಯಲ್ಲಿ ಇದರ ಗುರುತು ನೋಡಬೇಕಾದರೆ ಚೆನ್ನೈಯ ಓರಿಯಂಟ್ ಗ್ರೀನ್ ಪವರ್ ಇದೆ. ಗಾಳಿ ಮತ್ತು ಬಯೋಮಾಸ್ ಎರಡೂ ಇದ್ದ ಕಂಪನಿ. 2010ರ ಸೆಪ್ಟೆಂಬರಿನಲ್ಲಿ 47 ರೂಪಾಯಿಯಂತೆ ಷೇರು ಕೊಟ್ಟು 900 ಕೋಟಿ ಎತ್ತಿತು. ಹತ್ತು ವರ್ಷದ ನಂತರ ಆ ಷೇರು ಒಂದಂಕಿಯಲ್ಲಿತ್ತು. ಬಯೋಮಾಸ್ ಘಟಕಗಳನ್ನು ಕೈಬಿಟ್ಟು ಗಾಳಿಗೆ ಬಂದು ನಿಂತಿತು. ಆಗ ಕೊಂಡವರೂ ನಿಮ್ಮ ಗುಂಪಿನವರ ಹಾಗೇ ಮಾತಾಡಿಕೊಂಡಿರಬೇಕು, ಹೊಟ್ಟು ಎಲ್ಲಿ ಮುಗಿಯುತ್ತದೆ ಅಂತ.

'ಬೇಡಿಕೆ ಏರುತ್ತದೆ, ಆದ್ದರಿಂದ ಷೇರು ಏರುತ್ತದೆ' ಅನ್ನುವ ಮಾತಿಗೆ ಗಾಳಿ ವಿದ್ಯುತ್ ಯಂತ್ರ ಮಾಡುವ ಸುಜ್ಲಾನ್‌ಗಿಂತ ದೊಡ್ಡ ಪಾಠ ಇಲ್ಲ. ಉಡುಪಿ ಕಡೆಯವರಿಗೆ ಪಡುಬಿದ್ರೆಯ ಅವರ ರೆಕ್ಕೆ ಕಾರ್ಖಾನೆ ಗೊತ್ತು. 2005ರಲ್ಲಿ 510 ರೂಪಾಯಿಗೆ ಷೇರು ಬಂತು. 2008ರಲ್ಲಿ ಒಂದು ಷೇರನ್ನು ಐದು ಮಾಡಿದರು, ಅಂದರೆ ಇವತ್ತಿನ ಲೆಕ್ಕದಲ್ಲಿ 102 ರೂಪಾಯಿ. ಈ ನಡುವೆ ಸಾಲ ಮಾಡಿ ಜರ್ಮನಿಯ ಕಂಪನಿ ಕೊಂಡರು. 2012ರಲ್ಲಿ ವಿದೇಶಿ ಬಾಂಡುಗಳ (ಸಾಲಪತ್ರಗಳ) ಹಣ ತೀರಿಸಲಾಗಲಿಲ್ಲ. 2020ರಲ್ಲಿ ಷೇರು 2 ರೂಪಾಯಿಯ ಆಸುಪಾಸಿನಲ್ಲಿತ್ತು. ಈ ಅಷ್ಟೂ ವರ್ಷ ದೇಶದಲ್ಲಿ ಗಾಳಿ ವಿದ್ಯುತ್ ಬೆಳೆಯುತ್ತಲೇ ಇತ್ತು! ಮುಳುಗಿಸಿದ್ದು ಸಾಲ. ಕಂಪನಿ ಎದ್ದು ನಿಂತಿತು, ಅದನ್ನು ಮೆಚ್ಚಬೇಕು. 2024ರ ಸೆಪ್ಟೆಂಬರಿನಲ್ಲಿ ಷೇರು 80ರ ಮೇಲಿತ್ತು. ಆದರೂ ಮೊದಲ ದಿನ 102ರ ಲೆಕ್ಕದಲ್ಲಿ ಕೊಂಡವರಿಗೆ ಹತ್ತೊಂಬತ್ತು ವರ್ಷದ ಮೇಲೂ ಅಸಲು ಬಂದಿರಲಿಲ್ಲ. ಯಾಕೆ? ಸಾಲ ತೀರಿಸಲು ಮತ್ತೆ ಮತ್ತೆ ಹೊಸ ಷೇರು ಕೊಟ್ಟರು. ಸುಮಾರು 150 ಕೋಟಿ ಇದ್ದ ಷೇರುಗಳು 1,300 ಕೋಟಿ ದಾಟಿದವು. ಒಂದು ಹೋಳಿಗೆಯನ್ನು ನಾಲ್ಕು ಜನಕ್ಕೆ ಹಂಚುವುದಕ್ಕೂ ಮೂವತ್ತು ಜನಕ್ಕೆ ಹಂಚುವುದಕ್ಕೂ ಇರುವ ವ್ಯತ್ಯಾಸ ಇದು.

ನಿಮ್ಮ ಕಂಪನಿಯ ಒಟ್ಟು ಷೇರುಗಳು ಐದು ವರ್ಷದ ಹಿಂದೆ ಎಷ್ಟಿದ್ದವು, ಈಗ ಎಷ್ಟು, ನೋಡಿದ್ದೀರಾ? ಗುಂಪಿನಲ್ಲಿ ಯಾರಾದರೂ ಈ ಪ್ರಶ್ನೆ ಎತ್ತಿದ್ದಾರಾ? ವಾರಂಟ್, ಅಂದರೆ ನಿಗದಿ ಬೆಲೆಗೆ ಮುಂದೆ ಷೇರು ಪಡೆಯುವ ಹಕ್ಕು, ಕೊಟ್ಟಿದ್ದರೆ ಅದನ್ನೂ ಸೇರಿಸಿ ಎಣಿಸಿ. ವಾರಂಟ್ ತೆಗೆದುಕೊಳ್ಳುವವರು ಬೆಲೆಯ ಕಾಲು ಭಾಗ ಈಗ ಕೊಟ್ಟು, ಉಳಿದದ್ದನ್ನು 18 ತಿಂಗಳ ಒಳಗೆ ಕೊಟ್ಟು ಷೇರು ಪಡೆಯುತ್ತಾರೆ. ಬೆಲೆ ಏರದಿದ್ದರೆ ಬಿಟ್ಟು ಹೋಗುತ್ತಾರೆ. ಆ ಅನುಕೂಲ ನಿಮಗಿಲ್ಲ.

ಈಗ ಆ ದೊಡ್ಡ ಆರ್ಡರ್ ವಿಷಯ. ಆರ್ಡರ್ ಅನ್ನುವ ಪದದ ಒಳಗೆ ಬಹಳ ಮೆಟ್ಟಿಲುಗಳಿವೆ. ತಿಳಿವಳಿಕೆ ಪತ್ರ (ಎಂಒಯು) ಒಂದು. ಟೆಂಡರಿನಲ್ಲಿ ಕಡಿಮೆ ದರ ಹಾಕಿದ್ದು ಇನ್ನೊಂದು. ಕೆಲಸ ಕೊಡುವ ಪತ್ರ ಬೇರೆ, ಸಹಿಯಾದ ಒಪ್ಪಂದ ಬೇರೆ. ಜಾಗ ಸಿಕ್ಕಿ, ಪರಿಸರ ಅನುಮತಿ ಬಂದು, ಬ್ಯಾಂಕ್ ಸಾಲ ಮಂಜೂರಾಗುವುದು ಮತ್ತೂ ಬೇರೆ. ಷೇರುಪೇಟೆಗೆ ಕೊಟ್ಟ ಪತ್ರವನ್ನು ನೀವೇ ತೆಗೆದು ಓದಿ. ಅದು ಯಾವ ಮೆಟ್ಟಿಲು ಅಂತ ಅಲ್ಲೇ ಬರೆದಿರುತ್ತದೆ. ಗುಂಪಿನಲ್ಲಿ ಬರುವುದು ಅದರ ತಲೆಬರಹ ಮಾತ್ರ.

ಜೆನ್‌ಸೋಲ್ ಎಂಜಿನಿಯರಿಂಗ್ ಪ್ರಕರಣ ಹಳೆಯದೇನಲ್ಲ. ಸೋಲಾರ್ ಕೆಲಸದಿಂದ ಹೆಸರು ಮಾಡಿ, ಎಲೆಕ್ಟ್ರಿಕ್ ಕಾರುಗಳಿಗೆ ಹೋದ ಕಂಪನಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2025ರ ಏಪ್ರಿಲ್ 15ರ ಮಧ್ಯಂತರ ಆದೇಶ ಓದಿದರೆ ಮೈ ಜುಮ್ಮೆನ್ನುತ್ತದೆ. 6,400 ಕಾರು ಕೊಳ್ಳಲು ಸರ್ಕಾರಿ ಸಾಲ ಸಂಸ್ಥೆಗಳಿಂದ 663 ಕೋಟಿ ತಂದರು, ಕೊಂಡದ್ದು 4,704. 262 ಕೋಟಿಯ ಲೆಕ್ಕ ಸಿಗಲಿಲ್ಲ, ಒಂದು ಭಾಗ ಪ್ರವರ್ತಕರ (ಕಂಪನಿ ಕಟ್ಟಿ ನಡೆಸುವವರ) ಐಷಾರಾಮಿ ಮನೆಗೆ ಹೋಗಿತ್ತು ಎಂದು ಸೆಬಿ ಹೇಳಿತು. ಸಾವಿರಾರು ವಾಹನಗಳ 'ಆರ್ಡರ್' ಅಂದಿದ್ದು ದರವೂ ದಿನಾಂಕವೂ ಇಲ್ಲದ ತಿಳಿವಳಿಕೆ ಪತ್ರಗಳಾಗಿದ್ದವು. ಪುಣೆಯ ಕಾರ್ಖಾನೆಗೆ ಷೇರುಪೇಟೆಯ ಅಧಿಕಾರಿ ಹೋದಾಗ ಇದ್ದದ್ದು ಎರಡು ಮೂರು ಜನ ಕೂಲಿಯವರು. ಆ ಹೊತ್ತಿಗೆ ಅದರ ಸಣ್ಣ ಷೇರುದಾರರು ಒಂದು ಲಕ್ಷ ದಾಟಿದ್ದರು. ನಿಮ್ಮ ಕಂಪನಿ ಹಾಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆದೇಶಕ್ಕೂ ಒಂದು ತಿಂಗಳ ಮೊದಲೇ, ಮಾರ್ಚಿನಲ್ಲಿ, ಎರಡು ರೇಟಿಂಗ್ ಸಂಸ್ಥೆಗಳು ಅದರ ಸಾಲದ ದರ್ಜೆಯನ್ನು ತಳಕ್ಕೆ ಇಳಿಸಿದ್ದವು. ನೋಡಿದವರಿಗೆ ಕಂಡಿತ್ತು. ಹಾಗಾಗಿ ನಿಮ್ಮ ಕಂಪನಿಯ ರೇಟಿಂಗ್ ವರದಿಯನ್ನು ಹುಡುಕಿ ಓದಿ, ಅದು ಪುಕ್ಕಟೆ ಸಿಗುತ್ತದೆ. ನಾಲ್ಕು ಪುಟ ಇರುತ್ತದೆ. ನೂರು ವಾಟ್ಸಾಪ್ ಸಂದೇಶಕ್ಕಿಂತ ಜಾಸ್ತಿ ವಿಷಯ ಅದರಲ್ಲಿರುತ್ತದೆ. ಸಾಲ ಕೊಟ್ಟವರು ಏನು ನೋಡಿ ಹೆದರುತ್ತಿದ್ದಾರೆ ಅನ್ನುವುದು ಅಲ್ಲಿ ಸರಳವಾಗಿ ಬರೆದಿರುತ್ತದೆ.

ಪ್ರವರ್ತಕರು ತಮ್ಮ ಷೇರನ್ನು ಅಡವಿಟ್ಟಿದ್ದಾರಾ ಅಂತಲೂ ನೋಡಿ. ಮೂರು ತಿಂಗಳಿಗೊಮ್ಮೆ ಷೇರುಪೇಟೆಯ ಜಾಲತಾಣದಲ್ಲಿ ಬರುತ್ತದೆ. ಬೆಲೆ ಇಳಿದಾಗ ಅಡವು ಹಿಡಿದವರು ಮಾರುತ್ತಾರೆ, ಅದರಿಂದ ಬೆಲೆ ಇನ್ನೂ ಇಳಿಯುತ್ತದೆ, ದಿನವೂ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಇಳಿಯಬಹುದಾದ ಕೊನೆಯ ಮಿತಿ, ಬೀಳುತ್ತದೆ. ಆಗ ಮಾರಬೇಕು ಅಂದರೂ ಕೊಳ್ಳುವವರು ಇರುವುದಿಲ್ಲ.

ಆವರೇಜ್ ಮಾಡುವುದರ ಲೆಕ್ಕ ನೋಡೋಣ. ಒಂದು ಲಕ್ಷಕ್ಕೆ 41ರಂತೆ 2,439 ಷೇರು ಬರುತ್ತದೆ. ಒಟ್ಟು 3,939 ಷೇರು, ಸರಾಸರಿ 49 ರೂಪಾಯಿ. 62ರ ತನಕ ಕಾಯಬೇಕಿಲ್ಲ, 49 ಆದರೆ ಅಸಲು ಬಂತು. ಕೇಳಲು ಚೆನ್ನಾಗಿದೆ. ಆದರೆ ಬೆಲೆ 20ಕ್ಕೆ ಇಳಿದರೆ? ಸುಮ್ಮನಿದ್ದಿದ್ದರೆ ನಷ್ಟ 63,000. ಆವರೇಜ್ ಮಾಡಿದ್ದರೆ 1,14,000. ಮಗಳ ಫೀಸಿನ ಅರ್ಧ ಭಾಗವೂ ಅದರೊಳಗೇ ಹೋಯಿತು. ಸರಾಸರಿ ಇಳಿಸುವುದರಿಂದ ಕಂಪನಿಗೆ ಒಂದು ಕೆಜಿ ಒಣ ಕಸವೂ ಜಾಸ್ತಿ ಬರುವುದಿಲ್ಲ, ಒಂದು ರೂಪಾಯಿ ಬಾಕಿಯೂ ವಸೂಲಾಗುವುದಿಲ್ಲ.

ಗುಂಪಿನವರ ಮೇಲೆ ನನಗೆ ಸಿಟ್ಟಿಲ್ಲ. ಬಹಳ ಜನ ನಿಮ್ಮ ಹಾಗೇ ಇರುತ್ತಾರೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವವರು, ಮೇಷ್ಟ್ರು, ನಿವೃತ್ತಿಯಾದವರು. ಎಲ್ಲರ ದುಡ್ಡೂ ಒಂದೇ ಕಡೆ ಸಿಕ್ಕಿಕೊಂಡಿದೆ, ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಾರೆ. ಅನುಮಾನ ಬರೆದವರನ್ನು ಗುಂಪಿನಿಂದ ತೆಗೆದಿದ್ದಾರಾ, ಅದೊಂದನ್ನು ಗಮನಿಸಿ. 'ಟಾರ್ಗೆಟ್ 150' ಅಂತ ಬರೆಯುವವರು ಸೆಬಿಯಲ್ಲಿ ನೋಂದಾಯಿಸಿದವರಾ, ಅವರ ನೋಂದಣಿ ಸಂಖ್ಯೆ ಏನು ಅಂತ ಕೇಳಿ. ಉತ್ತರ ಬರದಿದ್ದರೆ ಅವರ ಮಾತಿಗೆ ಬೆಲೆ ಕೊಡಬೇಡಿ.

ಒಂದು ಭಾನುವಾರ ಸಂಜೆ ಕೂತು ನಾನು ಹೇಳಿದ ಕಾಗದಗಳನ್ನು ತೆಗೆಯಿರಿ. ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವಳು ಕಂಪ್ಯೂಟರಿನಲ್ಲಿ ಬೇಗ ಹುಡುಕುತ್ತಾಳೆ. ನಗದು ಬರುತ್ತಿದೆ, ಹಳೆಯ ಬಾಕಿ ಕರಗುತ್ತಿದೆ, ಸಾಲ ಇಳಿಯುತ್ತಿದೆ, ಷೇರುಗಳ ಸಂಖ್ಯೆ ಉಬ್ಬಿಲ್ಲ ಅಂತ ಕಂಡರೆ ಇರುವ 1,500 ಷೇರನ್ನು ಇಟ್ಟುಕೊಳ್ಳಿ. ಇನ್ನು ನಗದು ಬರುತ್ತಿಲ್ಲ, ಜೊತೆಗೆ ಸಾಲವೂ ಏರುತ್ತಿದೆ ಎಂದು ಕಂಡರೆ ನನ್ನ ಅಭಿಪ್ರಾಯ ನೇರ: 41ಕ್ಕೇ ಮಾರಿ. 31,500 ರೂಪಾಯಿ ನಷ್ಟ ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಆ ನಷ್ಟ ಆಗಲೇ ಆಗಿಹೋಗಿದೆ. ಮಾರಿದರೆ ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಿ, ಬೇರೆ ಷೇರಿನ ಲಾಭದಿಂದ ವಜಾ ಮಾಡಬಹುದು (ಕೊಂಡು ಒಂದು ವರ್ಷ ದಾಟಿದ ಮೇಲೆ ಮಾರಿದರೆ ದೀರ್ಘಾವಧಿ ಲಾಭದಿಂದ ಮಾತ್ರ). ಈ ವರ್ಷ ಲಾಭ ಇಲ್ಲದಿದ್ದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿರಬೇಕು ಅಷ್ಟೇ.

ಇಟ್ಟುಕೊಳ್ಳುವುದಾದರೆ ಇನ್ನೊಂದು ಕೆಲಸ ಮಾಡಿ. ಕಂಪನಿಯ ವಾರ್ಷಿಕ ಸಭೆಗೆ ಈಗ ಮನೆಯಿಂದಲೇ ವಿಡಿಯೋ ಮೂಲಕ ಸೇರಬಹುದು. ಮಾತಾಡಲು ಇಷ್ಟ ಇರುವವರು ಮೊದಲೇ ಇಮೇಲ್ ಮಾಡಿ ಹೆಸರು ಕೊಡಬೇಕು, ಆ ವಿಳಾಸ ಸಭೆಯ ನೋಟಿಸಿನಲ್ಲಿರುತ್ತದೆ. 1,500 ಷೇರು ಇರುವ ನಿಮಗೆ ಕೇಳುವ ಹಕ್ಕು ಪೂರ್ತಿ ಇದೆ. ಹೀಗೆ ಬರೆದುಕೊಂಡು ಹೋಗಿ: 'ಕಳೆದ ವರ್ಷ ನಮ್ಮ ಕಸದ ಘಟಕಕ್ಕೆ ದಿನಕ್ಕೆ ಸರಾಸರಿ ಎಷ್ಟು ಟನ್ ಕಸ ಬಂತು, ಜುಲೈಯಲ್ಲಿ ಎಷ್ಟು, ಜನವರಿಯಲ್ಲಿ ಎಷ್ಟು? ಎಷ್ಟು ಯೂನಿಟ್ ಮಾರಿದೆವು? ನಗರಪಾಲಿಕೆಯಿಂದ ಒಂದು ವರ್ಷಕ್ಕೂ ಹಳೆಯ ಬಾಕಿ ಎಷ್ಟಿದೆ, ಈ ವರ್ಷ ಅದರಲ್ಲಿ ಎಷ್ಟು ವಸೂಲಾಯಿತು?' ಉತ್ತರ ಕೊಟ್ಟರೆ ಗುಂಪಿನಲ್ಲೂ ಹಾಕಿ. ಕೊಡದಿದ್ದರೆ, ಕೊಡಲಿಲ್ಲ ಅನ್ನುವುದನ್ನೂ ಹಾಕಿ.